ಗಮ್ಛಾದ ಗಂಟು

ಸರಪಳಿ ಕಂಡರೆ ಎಂಥವರಿಗೂ ಮೈ ಉರಿಯುತ್ತದೆ. ಪತ್ರಿಕೆಯವರು ಫೋಟೊ ತೆಗೆಯುತ್ತಾರೆ, ಕೋರ್ಟು ನೋಟೀಸು ಕೊಡುತ್ತದೆ, ಮಂತ್ರಿಗಳು ವಿಷಾದಿಸುತ್ತಾರೆ. ಗಮ್ಛಾ ಕಂಡರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಬಂಗಾಳದ ಮನೆಮನೆಯಲ್ಲೂ ತಂತಿಯ ಮೇಲೆ ನೇತಾಡುವ ತೆಳು ಹತ್ತಿಯ ಕೆಂಪು ಚೌಕುಳಿ ಬಟ್ಟೆ ಅದು. ಸ್ನಾನವಾದ ಮೇಲೆ ಮೈ ಒರೆಸಿಕೊಳ್ಳಬಹುದು, ಬಿಸಿಲಿಗೆ ತಲೆಗೆ ಸುತ್ತಿಕೊಳ್ಳಬಹುದು. ನಾನು ಕೆಲಸ ಮಾಡಿದ ಹೋಮ್‌ನಲ್ಲಿ ಅದಕ್ಕೆ ಇನ್ನೊಂದು ಉಪಯೋಗವಿತ್ತು. ಕತ್ತಲಾಗುವ ಹೊತ್ತಿಗೆ ಅದರ ಒಂದು ತುದಿ ಒಬ್ಬ ಗಂಡಸಿನ ಮಣಿಕಟ್ಟಿನಲ್ಲಿ, ಇನ್ನೊಂದು ತುದಿ ಕಿಟಕಿಯ ಸರಳಿನಲ್ಲಿ ಇರುತ್ತಿತ್ತು. ಸದ್ದಿಲ್ಲ, ಗಾಯವಿಲ್ಲ. ಬೆಳಿಗ್ಗೆ ತಪಾಸಣೆಗೆ ಬಂದವರಿಗೆ ಕಾಣುವುದು ಒಗೆದು ಹರವಿದ ಬಟ್ಟೆ ಮಾತ್ರ.

ಕಟ್ಟುತ್ತಿದ್ದವರು ಕ್ರೂರಿಗಳಾಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಕಟ್ಟುತ್ತಿದ್ದವಳು ಬೊಡೊ ಮಾಸಿ. ದೊಡ್ಡ ಚಿಕ್ಕಮ್ಮ ಅನ್ನಬಹುದು. ಕಲ್ಕತ್ತಾದ ಹೋಮ್‌ಗಳಲ್ಲಿ ಆರೈಕೆ ಮಾಡುವ ಹೆಂಗಸರೆಲ್ಲ ಮಾಸಿಯರೇ. ಮಧ್ಯಾಹ್ನ ಅದೇ ಗಂಡಸಿನ ತಟ್ಟೆಯ ಮುಂದೆ ಕೂತು ಮೀನಿನ ಮುಳ್ಳನ್ನು ಒಂದೊಂದಾಗಿ ಬೆರಳಿನಿಂದ ತಡವಿ ತೆಗೆದು, ಅನ್ನ ಕಲಸಿ ಕೊಡುತ್ತಿದ್ದವಳೂ ಅವಳೇ. ಗಂಟು ಹಾಕುವಾಗ ಅದರೊಳಗೆ ತನ್ನ ಎರಡು ಬೆರಳು ತೂರುತ್ತವೆಯೇ ಎಂದು ನೋಡುತ್ತಿದ್ದಳು, ರಕ್ತ ಕಟ್ಟಬಾರದಲ್ಲ ಎಂದು. ಒಳ್ಳೆಯ ಮನಸ್ಸು ಇದ್ದರೆ ಸಾಕು ಎಂದು ನಂಬುವವರಿಗೆ ನಾನು ಆ ಎರಡು ಬೆರಳಿನ ವಿಷಯ ಹೇಳುತ್ತೇನೆ.

ನನ್ನ ಯಜಮಾನರಿಗೆ ಬ್ಯಾಂಕಿನಿಂದ ಕಲ್ಕತ್ತಾಕ್ಕೆ ವರ್ಗವಾದದ್ದು 1992ರ ಕೊನೆಯಲ್ಲಿ. ಊರು ಅಧಿಕೃತವಾಗಿ ಕೋಲ್ಕತ್ತ ಆಗಲು ಇನ್ನೂ ಸುಮಾರು ಎಂಟು ವರ್ಷ ಇತ್ತು. ಲೇಕ್ ಮಾರ್ಕೆಟ್ ಹತ್ತಿರ ಮನೆ ಸಿಕ್ಕಿತು. ಬಾಳೆ ಎಲೆ, ಫಿಲ್ಟರ್ ಕಾಫಿಪುಡಿ, ಕರಿಬೇವು ಸಿಗುವ ಬೀದಿ ಅದು, ಹಾಗಾಗಿ ದಕ್ಷಿಣದವರೆಲ್ಲ ಅಲ್ಲೇ ಬಂದು ಸೇರುತ್ತಿದ್ದರು. ನಾನು ಮೈಸೂರಿನವಳು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಬುದ್ಧಿಮಾಂದ್ಯ ಮಕ್ಕಳ ಶಿಕ್ಷಣದ ತರಬೇತಿ ಪಡೆದಿದ್ದೆ. ಆಗ ಅದನ್ನು ಹಾಗೇ ಕರೆಯುತ್ತಿದ್ದರು, ಈಗ ಬೌದ್ಧಿಕ ಅಂಗವೈಕಲ್ಯ ಎನ್ನಬೇಕು. ಕಾಳಿಘಾಟಿನಲ್ಲಿ ಮೆಟ್ರೊ ಹತ್ತಿ ಟಾಲಿಗಂಜಿನಲ್ಲಿ ಇಳಿದು, ಅಲ್ಲಿಂದ ಗಡಿಯಾ ಕಡೆಗೆ ಹೋಗುವ ಆಟೊದಲ್ಲಿ ಚಾಲಕನ ಪಕ್ಕಕ್ಕೆ ಅರ್ಧ ಕೂತು ಅರ್ಧ ನೇತಾಡಿಕೊಂಡು ನಾನು ಹೋಮ್ ತಲುಪುತ್ತಿದ್ದೆ. ತಂದೆತಾಯಂದಿರೇ ಕೂಡಿ ನಡೆಸುತ್ತಿದ್ದ ಸಣ್ಣ ಸಂಸ್ಥೆ. ಎರಡು ಅಂತಸ್ತು, ಮೇಲೆ ತಾರಸಿ, ಎಲ್ಲ ಬಾಗಿಲಿಗೂ ಕೊಲ್ಯಾಪ್ಸಿಬಲ್ ಗೇಟು. ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು, ಬಹುಪಾಲು ವಯಸ್ಕರು.

ಆ ಗಂಡಸನ್ನು ಎಲ್ಲರೂ ಖೋಕಾ ಎನ್ನುತ್ತಿದ್ದರು. ಪುಟ್ಟ ಎಂದ ಹಾಗೆ. ಮುಖದಲ್ಲಿ ದಪ್ಪ ಮೀಸೆ, ಸುಮಾರು ಇಪ್ಪತ್ತೈದು ವಯಸ್ಸು. ಅವನ ನಿಜವಾದ ಹೆಸರು ಇಲ್ಲಿ ಬೇಡ, ನಾನೂ ಖೋಕಾ ಎಂದೇ ಬರೆಯುತ್ತೇನೆ. ಮಾತು ಇರಲಿಲ್ಲ. ಹಗಲೆಲ್ಲ ಸೌಮ್ಯ. ಸಂಜೆಯಾದರೆ ತನ್ನ ಬಲಗೈಯನ್ನು ಹೆಬ್ಬೆರಳಿನ ಬುಡದಲ್ಲಿ ಕಚ್ಚಿಕೊಳ್ಳುತ್ತಿದ್ದ. ಆ ಜಾಗ ಲಾಳದಂತೆ ಗಟ್ಟಿಯಾಗಿ ಕಪ್ಪಾಗಿತ್ತು. ಆಮೇಲೆ ಹತ್ತಿರ ಇದ್ದವರ ಕೂದಲು ಹಿಡಿಯುತ್ತಿದ್ದ. ಹಿಡಿದರೆ ಬಿಡಿಸಲು ಇಬ್ಬರು ಬೇಕು. ಆ ಹೊತ್ತಿಗೆ ಇಬ್ಬರು ಇರುತ್ತಿರಲಿಲ್ಲ. ಆದ್ದರಿಂದ ಗಮ್ಛಾ.

ನನ್ನ ಚೀಲದಲ್ಲಿ ಆ ವರ್ಷವೇ ಸಿಕಂದರಾಬಾದಿನ ಸಂಸ್ಥೆಯಿಂದ ಬಂದ ಮಾಪನವಿತ್ತು. ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಭಾರತೀಯ ಮಕ್ಕಳಿಗಾಗಿಯೇ ಸಿದ್ಧಪಡಿಸಿದ್ದು. ಅದರ ಎರಡನೆಯ ಭಾಗದಲ್ಲಿ ಸಮಸ್ಯೆಯ ನಡವಳಿಕೆಗಳ 75 ಅಂಶಗಳು: ಹೊಡೆಯುವುದು, ಒಡೆಯುವುದು, ರಂಪ ಮಾಡುವುದು, ತನ್ನನ್ನೇ ಗಾಯ ಮಾಡಿಕೊಳ್ಳುವುದು. ಪ್ರತಿಯೊಂದಕ್ಕೂ ಅಂಕ. ಒಳ್ಳೆಯ ಕೆಲಸ ಅದು. ಅಲ್ಲಿಯವರೆಗೆ ವಿದೇಶದ ಪಟ್ಟಿಗಳನ್ನು ಎಳೆದಾಡಿ ಹೊಂದಿಸಿಕೊಳ್ಳಬೇಕಿತ್ತು. ನಡವಳಿಕೆಗೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂದು ಬರೆದುಕೊಳ್ಳಿ ಎಂದು ನಮಗೆ ಕಲಿಸಿದ್ದರು. ಅದರ ಜೊತೆಗೆ ಆ ಕಾಲದ ತರಬೇತಿಯಲ್ಲಿ ಬೇರೆಯಾಗಿ ಕೂರಿಸುವುದು, ಇಷ್ಟದ ವಸ್ತು ಕಿತ್ತುಕೊಳ್ಳುವುದು, ಕೈಕಾಲು ಹಿಡಿದಿಡುವುದು ಇವೂ ವಿಧಾನಗಳೆಂದೇ ಬರುತ್ತಿದ್ದವು. ಪುಸ್ತಕದಲ್ಲಿ ಒಂದು ನಿಮಿಷ ಎಂದಿರುವುದು ಹೋಮ್‌ಗೆ ಬರುವ ಹೊತ್ತಿಗೆ ಒಂದು ರಾತ್ರಿಯಾಗುತ್ತದೆ. ನಮ್ಮಲ್ಲಿ ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಒಂದು ಇಂಗ್ಲಿಷ್ ಹೆಸರು ಬಂದದ್ದೇ ಹಾಗೆ. ಬೀಗ ಅದೇ, ಕತ್ತಲೆ ಅದೇ, ಹೆಸರು ಮಾತ್ರ ವೈಜ್ಞಾನಿಕ.

ಹೋಮ್‌ನಲ್ಲಿ ಒಂದು ರಿಜಿಸ್ಟರ್ ಇತ್ತು. ಪಾಳಿ ಮುಗಿಸುವಾಗ ಮಾಸಿಯರು ಹೇಳುತ್ತಿದ್ದರು, ಕಚೇರಿಯವರು ಬರೆಯುತ್ತಿದ್ದರು. ಖೋಕಾನ ಹೆಸರಿನ ಮುಂದೆ ದಿನವೂ ಒಂದೇ ಸಾಲು: ಆಜ್ ಖೂಬ್ ದುಷ್ಟುಮಿ, ಇವತ್ತು ಬಹಳ ತುಂಟತನ. ಪುಟ ತಿರುವುತ್ತಾ ಹೋದರೆ ಅವರೇನು ಮಾಡಿದರು ಎಂಬುದೆಲ್ಲ ಇತ್ತು. ನಾವೇನು ಮಾಡಿದೆವು ಎಂಬುದಕ್ಕೆ ಅಂಕಣವೇ ಇರಲಿಲ್ಲ. ಆ ರಿಜಿಸ್ಟರ್ ಮಾತ್ರ ಓದಿದವರಿಗೆ ಆ ಮನೆಯಲ್ಲಿ ಯಾರೂ ಯಾರನ್ನೂ ಎಂದೂ ಕಟ್ಟಿಲ್ಲ.

ಎರಡನೆಯ ಅಂಕಣ ಬೇಕು ಎಂದೆ. ಯಾರನ್ನಾದರೂ ಹಿಡಿದರೆ, ಎಳೆದರೆ, ಬೀಗ ಹಾಕಿದರೆ, ಕಟ್ಟಿದರೆ, ಊಟ ತಡೆದರೆ, ಶಾಂತವಾಗಲಿ ಎಂದು ಮಾತ್ರೆ ಕೊಟ್ಟರೆ ಬರೆಯಬೇಕು. ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಅದಕ್ಕೆ ಮುಂಚೆ ಏನು ನಡೆಯಿತು. ಮಾಸಿಯರಿಗೆ ತಕ್ಷಣ ಅರ್ಥವಾಯಿತು, ಬಹಳ ಚೆನ್ನಾಗಿಯೇ ಅರ್ಥವಾಯಿತು. "ದಿದಿಮಣಿ, ಇದು ನಮ್ಮನ್ನು ಕೆಲಸದಿಂದ ತೆಗೆಯುವ ಪುಸ್ತಕ" ಎಂದಳು ಬೊಡೊ ಮಾಸಿ. ಅವಳ ಭಯ ಸರಿಯಾಗಿಯೇ ಇತ್ತು. ಕಾಯಂ ಅಲ್ಲದ ಕೆಲಸ, ಮನೆಗೆಲಸದವರಿಗಿಂತ ಸ್ವಲ್ಪವೇ ಹೆಚ್ಚು ಸಂಬಳ, ಬೆಳಗಿನ ಜಾವ ಕ್ಯಾನಿಂಗ್ ಲೋಕಲ್ ಹಿಡಿದು ನಿಂತುಕೊಂಡೇ ಬರುವ ಹೆಂಗಸರು. ಅವರ ಕೈಯಿಂದಲೇ ಅವರ ವಿರುದ್ಧ ಸಾಕ್ಷಿ ಬರೆಸುವುದು ಯಾವ ಧರ್ಮ? ಸಂಸ್ಥೆಯ ಕಾರ್ಯದರ್ಶಿಗಳ ಮುಂದೆ ಒಂದು ನಿಯಮ ಇಟ್ಟೆ: ಬರೆದದ್ದಕ್ಕೆ ಯಾರಿಗೂ ಶಿಕ್ಷೆಯಿಲ್ಲ, ಬರೆಯದೆ ಬಿಟ್ಟದ್ದು ಗೊತ್ತಾದರೆ ಮಾತ್ರ ಕೇಳುತ್ತೇವೆ. ಅವರು ಒಪ್ಪಿದರು. ಅನುದಾನದ ತಪಾಸಣೆಗೆ ತೋರಿಸಲು ಒಂದು ಹೊಸ ಕಡತ ಸಿಗುತ್ತದೆ ಎಂಬ ಲೆಕ್ಕ ಅವರದು. ಒಳ್ಳೆಯ ಕೆಲಸಕ್ಕೆ ಎಲ್ಲರ ಕಾರಣವೂ ಒಳ್ಳೆಯದೇ ಆಗಿರಬೇಕೆಂದು ನಾನು ಕಾಯುವವಳಲ್ಲ.

ಓದುಬರಹ ಬಾರದ ಮಾಸಿಯರು ಗೆರೆ ಎಳೆದರು. ಹಿಡಿದದ್ದಕ್ಕೆ ಒಂದು ಗೆರೆ, ಕಟ್ಟಿದ್ದಕ್ಕೆ ಗೆರೆಯ ಮೇಲೊಂದು ಗಂಟು. ಗಂಟು ಎಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದರೆಂದರೆ ದೂರದಿಂದ ಆ ಪುಟ ರಂಗೋಲಿ ಪುಸ್ತಕದ ಹಾಗೆ ಕಾಣುತ್ತಿತ್ತು. ಕೆಲವೇ ವಾರಗಳಲ್ಲಿ ಎರಡನೆಯ ಅಂಕಣ ಮೊದಲನೆಯದಕ್ಕಿಂತ ಉದ್ದವಾಯಿತು. ಗಂಟುಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು: ಹಗಲಿನ ಮಾಸಿಯರು ಐದು ಗಂಟೆಗೆ ಗಡಿಯಾ ಸ್ಟೇಷನ್ನಿಗೆ ಓಡಿದ ಮೇಲೆ, ರಾತ್ರಿಯವರು ಬಂದು ಸೇರುವವರೆಗೆ. ಇಪ್ಪತ್ತಕ್ಕೂ ಹೆಚ್ಚು ಜನಕ್ಕೆ ಆ ಹೊತ್ತಿನಲ್ಲಿ ಇರುತ್ತಿದ್ದವರು ಬೊಡೊ ಮಾಸಿ ಮತ್ತು ಗೇಟಿನ ದಾದಾ. ದಾದಾನ ಕೈಯಲ್ಲಿ ಬೀಗದ ಕೈ, ಮಾಸಿಯ ಕೈಯಲ್ಲಿ ಸಂಜೆಯ ಮುಡಿ, ಅಂದರೆ ಮಂಡಕ್ಕಿ, ಮತ್ತು ಚಹಾ.

ಸಿಬ್ಬಂದಿ ಕಡಿಮೆ, ಆದ್ದರಿಂದ ಕಟ್ಟುತ್ತಾರೆ. ಇದು ನನ್ನ ವಿಶ್ಲೇಷಣೆ. ಬೊಡೊ ಮಾಸಿ ಕೇಳಿಸಿಕೊಂಡು ತಲೆಯಾಡಿಸಿದಳು, ಆಮೇಲೆ ಬೇರೆಯೇ ಒಂದು ಮಾತು ಹೇಳಿದಳು. ಖೋಕಾ ಗಡಿಯಾರ ನೋಡಿ ಕಚ್ಚಿಕೊಳ್ಳುವುದಿಲ್ಲ. ಶಾಂಖ್ ಕೇಳಿ ಕಚ್ಚಿಕೊಳ್ಳುತ್ತಾನೆ. ಕತ್ತಲಾಗುತ್ತಲೇ ಅಕ್ಕಪಕ್ಕದ ಮನೆಗಳಲ್ಲಿ ಹೆಂಗಸರು ದೀಪ ತೋರಿಸಿ ಮೂರು ಸಲ ಶಂಖ ಊದುತ್ತಾರಲ್ಲ, ಅದು. ಶಂಖ ಊದಿದ ಕೂಡಲೇ ದಾದಾ ತಾರಸಿಯ ಗೇಟಿಗೆ ಬೀಗ ಹಾಕುತ್ತಿದ್ದ, ಅವನ ಪಾಲಿಗೆ ಅದೇ ಗಂಟೆ. ರಿಜಿಸ್ಟರ್ ತೆಗೆದು ನೋಡಿದೆ. ಪೌಷ ಮಾಸದಲ್ಲಿ ಖೋಕಾನ ಹೆಸರಿನ ಮುಂದೆ ಐದಕ್ಕೇ ಗಂಟುಗಳು. ಚೈತ್ರಕ್ಕೆ ಬರುವಾಗ ಆರರ ಹತ್ತಿರಕ್ಕೆ ಸರಿದಿದ್ದವು. ಸೂರ್ಯ ಮುಳುಗುವುದು ಹೇಗೆ ಸರಿಯುತ್ತದೆಯೋ ಹಾಗೆ. ತಾರಸಿಯಲ್ಲಿ ಅವನಿಗೆ ಏನಿತ್ತು ಎಂದರೆ, ನೀರಿನ ಟ್ಯಾಂಕಿನ ಪಕ್ಕ ನಿಂತು ಗಾಳಿಪಟ ನೋಡುವುದು. ಬೀಗ ಬಿದ್ದರೆ ಮರುದಿನ ಬೆಳಿಗ್ಗೆಯವರೆಗೆ ಒಳಗೆ. ವರ್ಷಗಟ್ಟಲೆ ಪ್ರತಿ ಸಂಜೆಯೂ ಅವನು ಅದಕ್ಕೇ ಬೇಡ ಎನ್ನುತ್ತಿದ್ದ, ಹಲ್ಲಿನಿಂದ.

ಅಮೆರಿಕದಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ, ತನ್ನನ್ನೇ ಗಾಯಗೊಳಿಸಿಕೊಳ್ಳುವ ಮಕ್ಕಳು ಯಾವ ಯಾವ ಸಂದರ್ಭದಲ್ಲಿ ಹಾಗೆ ಮಾಡುತ್ತಾರೆ ಎಂದು ಬಿಡಿಸಿ ನೋಡಿದರು. ಕೆಲವರು ಯಾರಾದರೂ ತಿರುಗಿ ನೋಡಲೆಂದು, ಕೆಲವರು ಬೇಡದ ಕೆಲಸ ತಪ್ಪಲೆಂದು, ಕೆಲವರು ಸುಮ್ಮನೆ ಆ ಸಂವೇದನೆಗಾಗಿ. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಇನ್ನೊಂದು ಹೆಜ್ಜೆ ಹೋದರು: ಆ ನಡವಳಿಕೆಯಿಂದ ಸಿಗುತ್ತಿದ್ದುದನ್ನು ಕೇಳಿ ಪಡೆಯುವ ಬೇರೆ ದಾರಿ ಕಲಿಸಿಕೊಟ್ಟರೆ ನಡವಳಿಕೆ ತಾನೇ ಇಳಿಯುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಆದರೆ ಶಂಖದ ಲೆಕ್ಕ ಓದಿದ್ದರಿಂದ ಸಿಗುವಂಥದಲ್ಲ. ಅಂಥದು ಸಿಗಬೇಕಾದರೆ ಸಂಜೆ ಆ ಮನೆಯಲ್ಲಿ ಇರಬೇಕು. ತಜ್ಞರು ಐದಕ್ಕೆ ಮೆಟ್ರೊ ಹತ್ತಿರುತ್ತೇವೆ.

ತಾರಸಿಯನ್ನು ಏಳರವರೆಗೆ ತೆರೆದಿಡಬೇಕೆಂದರೆ ಮೇಲೊಬ್ಬರು ಬೇಕು. ಇನ್ನೊಬ್ಬರನ್ನು ನೇಮಿಸಲು ದುಡ್ಡಿಲ್ಲ ಎಂದರು ಕಾರ್ಯದರ್ಶಿಗಳು. ಕೊನೆಗೆ ಹಗಲಿನ ಮಾಸಿಯರಲ್ಲಿ ಒಬ್ಬಳು ಬೆಳಿಗ್ಗೆ ತಡವಾಗಿ ಬಂದು ಸಂಜೆ ಲಕ್ಷ್ಮೀಕಾಂತಪುರದ ಕೊನೆಕೊನೆಯ ಲೋಕಲ್‌ಗಳಲ್ಲಿ ಹೋಗಲು ಒಪ್ಪಿದಳು, ಹೋಮ್ ಅವಳ ರೈಲಿನ ತಿಂಗಳ ಟಿಕೆಟಿನ ಹಣ ಕೊಡುವುದಾದರೆ. ಆಗಿನ ಉಪನಗರ ರೈಲಿನ ತಿಂಗಳ ಟಿಕೆಟು ಅಂದರೆ ಎಷ್ಟು? ಕಚೇರಿಗೆ ಬರುತ್ತಿದ್ದ ಎರಡು ಪತ್ರಿಕೆಗಳಲ್ಲಿ ಒಂದನ್ನು ನಿಲ್ಲಿಸಿದರೆ ಹೊರಡುವಷ್ಟು. ನಿಲ್ಲಿಸಿದೆವು.

ಕೇಳುವ ದಾರಿಯಾಗಿ ಖೋಕಾನಿಗೆ ಚಪ್ಪಲಿ ಕೊಟ್ಟೆವು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಬಾಟಾನಗರ ಅಲ್ಲಿಂದ ಬಹಳ ದೂರವೇನಿರಲಿಲ್ಲ, ಅವರ ಚಪ್ಪಲಿಯೇ. ಅದನ್ನು ತಂದು ಯಾರ ಕೈಗಾದರೂ ಕೊಟ್ಟರೆ ತಾರಸಿಗೆ ಹೋಗಬೇಕು ಎಂದರ್ಥ, ಕೊಟ್ಟ ತಕ್ಷಣ ಕರೆದುಕೊಂಡು ಹೋಗಬೇಕು. ಮೊದಮೊದಲು ಅವನು ದಿನವಿಡೀ ಚಪ್ಪಲಿ ಹಿಡಿದು ಓಡಾಡಿದ. ಹತ್ತಿ ಇಳಿದು ಮಾಸಿಯರಿಗೆ ಮಂಡಿ ನೋವು ಬಂತು. ಆಮೇಲೆ ರಾತ್ರಿ ಹನ್ನೊಂದಕ್ಕೂ ತರತೊಡಗಿದ. ರಾತ್ರಿ ಪಾಳಿಯ ದಾದಾ ಸುಲಭದ ಉಪಾಯ ಕಂಡುಕೊಂಡ: ಊಟವಾದ ಮೇಲೆ ಚಪ್ಪಲಿಯನ್ನು ಅಲಮಾರಿನ ಮೇಲೆ ಬಚ್ಚಿಟ್ಟ. ಇದಕ್ಕೆ ನಮ್ಮೊಳಗೆ ನಡೆದ ಜಗಳ ನನಗೆ ಇಂದಿಗೂ ನೆನಪಿದೆ. ಇಲ್ಲ ಎಂದು ಹೇಳು, ಅದು ನಿನ್ನ ಹಕ್ಕು. ಕೇಳುವುದನ್ನೇ ತಪ್ಪಿಸುವುದು ಅವನ ಬಾಯಿ ಹೊಲಿದ ಹಾಗೆ ಎಂದೆ. ದಾದಾ ಹೇಳಿದ, ಇಲ್ಲ ಎಂದರೆ ಕಚ್ಚಿಕೊಳ್ಳುವುದು ನಿಮ್ಮ ಮುಂದಲ್ಲ, ನನ್ನ ಮುಂದೆ. ಇಬ್ಬರ ಮಾತೂ ನಿಜ. ಚಪ್ಪಲಿ ಅಲಮಾರಿನಿಂದ ಇಳಿಯಿತು. ರಾತ್ರಿ ತಂದರೆ ಮೇಲೆ ಕರೆದೊಯ್ದು ಐದು ನಿಮಿಷ ನಿಲ್ಲಿಸಿ ಕರೆತರುವುದೆಂದಾಯಿತು. ಕೆಲವು ರಾತ್ರಿ ದಾದಾ ಒಬ್ಬನೇ ಇದ್ದು ಇಲ್ಲ ಎಂದ, ಖೋಕಾ ಕಚ್ಚಿಕೊಂಡ, ದಾದಾ ಅದನ್ನು ಬರೆದ. ಕಟ್ಟಲಿಲ್ಲ. ಒಂದು ವರ್ಷದ ಹೊತ್ತಿಗೆ ಅವನ ಪುಟದಲ್ಲಿ ಗಂಟುಗಳು ಹಬ್ಬದ ದಿನಗಳಲ್ಲಿ ಮಾತ್ರ ಕಾಣಿಸುತ್ತಿದ್ದವು.

ಹಬ್ಬ ಎಂದರೆ ದುರ್ಗಾಪೂಜೆ, ಅದರ ಹಿಂದೆಯೇ ಕಾಳಿಪೂಜೆ. ಕಲ್ಕತ್ತಾದ ಸಂತೋಷವೆಲ್ಲ ಸದ್ದಿನ ರೂಪದಲ್ಲಿ ಬರುತ್ತದೆ. ಬೀದಿಯ ಕ್ಲಬ್ಬಿನ ಪೆಂಡಾಲು ನಮ್ಮ ಗೋಡೆಗೆ ತಾಗಿ. ಬೆಳಿಗ್ಗೆಯಿಂದ ಢಾಕ್, ಮೈಕು, ಕಾಳಿಪೂಜೆಯ ರಾತ್ರಿ ಚಾಕಲೇಟ್ ಬಾಂಬು. ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುವವರು, ಗೋಡೆಗೆ ತಲೆ ಬಡಿದುಕೊಳ್ಳುವವರು. ಇವರನ್ನು ಸರಿಮಾಡಲು ನಮ್ಮ ಹತ್ತಿರ ಕಾರ್ಯಕ್ರಮಗಳಿದ್ದವು, ಬೀದಿಯನ್ನು ಸರಿಮಾಡಲು ಇರಲಿಲ್ಲ. ಬೊಡೊ ಮಾಸಿಯ ಸಲಹೆಯಂತೆ ಕ್ಲಬ್ಬಿನ ಹುಡುಗರಿಗೆ ಕೇಳಿದ್ದಕ್ಕಿಂತ ಹೆಚ್ಚು ಚಾಂದಾ ಕೊಟ್ಟೆವು, ಮೈಕಿನ ಬಾಯಿಯನ್ನು ಆಚೆ ಬೀದಿಗೆ ತಿರುಗಿಸಿದರು. ಆಚೆ ಬೀದಿಯವರ ಶಾಪ ನಮಗೆ ತಟ್ಟಿರಬೇಕು. 1996ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಭಗವತೀಪ್ರಸಾದ ಬ್ಯಾನರ್ಜಿ ಧ್ವನಿವರ್ಧಕಗಳಿಗೆ ಕಡಿವಾಣ ಹಾಕಿದಾಗ ನಗರದಲ್ಲಿ ದೊಡ್ಡ ಚರ್ಚೆ ನಡೆಯಿತು. ನಮ್ಮ ಮನೆಯಲ್ಲಿ ಮಾತ್ರ ಚರ್ಚೆಯಿಲ್ಲದೆ ಸಂತೋಷಪಟ್ಟೆವು. ಪಟಾಕಿಗೆ ಬಂಗಾಳದಲ್ಲಿ ಬಹುಕಾಲ 90 ಡೆಸಿಬೆಲ್ ಮಿತಿಯಿತ್ತು, 2023ರಲ್ಲಿ ಅದನ್ನು 125ಕ್ಕೆ ಏರಿಸಿದರು. ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮಂಚಗಳ ಕೆಳಗಿನ ಜಾಗ.

ಅಂಗವಿಕಲರ ವಿಷಯದಲ್ಲಿ ಕಲ್ಕತ್ತಾ ಹಿಂದುಳಿದ ಊರೇನಲ್ಲ. ತಿಲ್ಜಲಾದ ಲುಂಬಿನಿ ಪಾರ್ಕ್ ಮಾನಸಿಕ ಆಸ್ಪತ್ರೆಯನ್ನು ಗಿರೀಂದ್ರಶೇಖರ ಬೋಸರ ಮನೋವಿಶ್ಲೇಷಣಾ ಸಂಘ 1940ರಲ್ಲೇ ತೆರೆಯಿತು. ಜಾಗ ಕೊಟ್ಟವರು ಅವರ ಅಣ್ಣ ರಾಜಶೇಖರ ಬೋಸ್, ಪರಶುರಾಮ ಎಂಬ ಹೆಸರಿನಲ್ಲಿ ನಗೆಬರಹ ಬರೆದವರು. ಸುಧಾ ಕೌಲ್ 1974ರಲ್ಲಿ ಕಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿಗೆ ದೇಶದ ಎಲ್ಲೆಡೆಯಿಂದ ಜನ ಕಲಿಯಲು ಹೋಗುತ್ತಿದ್ದರು. ಅದೇ ರಾಜ್ಯದಲ್ಲಿ, ಹೂಗ್ಲಿ ಜಿಲ್ಲೆಯ ಮಾನಕುಂಡು ಆಸ್ಪತ್ರೆಯಲ್ಲಿ ರೋಗಿಗಳನ್ನು ಕಬ್ಬಿಣದ ಸರಪಳಿಯಿಂದ ಕಟ್ಟುವುದನ್ನು ನಿಲ್ಲಿಸಿ ಎಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಬೇಕಾಯಿತು. ನಾನು ಅಲ್ಲಿಗೆ ಹೋದ ಮರುವರ್ಷ, 1993ರಲ್ಲಿ, ಪತ್ರಕರ್ತೆ ಶೀಲಾ ಬರ್ಸೆ ಹೂಡಿದ ಮೊಕದ್ದಮೆಯಲ್ಲಿ ತೀರ್ಪು ಬಂತು: ಯಾವ ಅಪರಾಧವನ್ನೂ ಮಾಡದ ಮಾನಸಿಕ ಅಸ್ವಸ್ಥರನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ. ಬಂಗಾಳದ ಜೈಲುಗಳಲ್ಲಿ ಅಂಥವರು ವರ್ಷಗಟ್ಟಲೆ ಇದ್ದರು. ಆಮೇಲೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ. ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರಿಗೆ ಓಡಲಾಗಲಿಲ್ಲ, 28 ಜನ ಸತ್ತರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದಾಗ ಅದರ 97ನೆಯ ಸೆಕ್ಷನ್ನನ್ನು ನಾನು ಎರಡು ಸಲ ಓದಿದೆ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಕೂಡಲೇ ಆಗಲಿರುವ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು, ಮನೋವೈದ್ಯರ ಅನುಮತಿ ಬೇಕು, ಬರೆದಿಡಬೇಕು. ಶಿಕ್ಷೆಯಾಗಿ ಕೂಡದು. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕಂತೂ ಕೂಡದು. ಆ ಕೊನೆಯ ಮಾತು ಬರೆದವರು ಯಾರೋ, ಸಂಜೆ ಐದರ ನಂತರ ಒಂದು ಹೋಮ್‌ನಲ್ಲಿ ಕೂತು ನೋಡಿದವರೇ ಇರಬೇಕು. ಆದರೆ ಆ ಕಾಯ್ದೆಯ ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯವನ್ನು ಹೊರಗಿಟ್ಟಿದ್ದಾರೆ. ಖೋಕಾನಂಥವರು ಇರುವ ಮನೆಗಳಿಗೆ ಅನ್ವಯವಾಗುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಕ್ರೌರ್ಯದಿಂದ, ಅಮಾನವೀಯ ವರ್ತನೆಯಿಂದ ರಕ್ಷಿಸಬೇಕು ಎನ್ನುತ್ತದೆ ಅದು. ದೊಡ್ಡ ಮಾತು, ಸರಿಯಾದ ಮಾತು. ಅಂಕಣ ಎಲ್ಲಿ, ಗಂಟೆ ಎಲ್ಲಿ, ಎಷ್ಟು ಜನಕ್ಕೆ ಎಷ್ಟು ಕೈ ಎಂದು ಹುಡುಕಿದರೆ ಸಿಗುವುದಿಲ್ಲ.

ಗಮ್ಛಾಕ್ಕಿಂತ ಮೆತ್ತನೆಯ ಗಂಟು ಮಾತ್ರೆ. ವಾರಕ್ಕೊಮ್ಮೆ ಬರುತ್ತಿದ್ದ ವೈದ್ಯರು ಮೊದಲ ಅಂಕಣ ನೋಡಿ ಬರೆಯುತ್ತಿದ್ದರು. ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ ಒಬ್ಬ ಹೆಂಗಸಿಗೆ ಮಾತ್ರೆ ಏರುತ್ತಾ ಹೋಯಿತು. ಹೊಡೆದುಕೊಳ್ಳುವುದು ನಿಂತಿತು. ಜೊಲ್ಲು ಸುರಿಯತೊಡಗಿತು, ಚಮಚ ಹಿಡಿದ ಕೈ ನಡುಗಿತು, ರಿಜಿಸ್ಟರಿನ ಅವಳ ಪುಟ ಖಾಲಿಯಾಯಿತು, ಎಲ್ಲರಿಗೂ ಸಮಾಧಾನ. ಮುಖ ತೊಳೆಸುವಾಗ ದವಡೆ ಊದಿರುವುದು ಒಬ್ಬ ಮಾಸಿಯ ಕೈಗೆ ಸಿಕ್ಕಿತು. ಸಿಯಾಲ್ದಾದ ಆರ್. ಅಹ್ಮದ್ ಡೆಂಟಲ್ ಕಾಲೇಜಿಗೆ ಕರೆದೊಯ್ದೆವು, 1920ರಲ್ಲಿ ಶುರುವಾದ ದೇಶದ ಮೊದಲ ದಂತವೈದ್ಯ ಕಾಲೇಜು ಅದು. ಒಳಗಿನ ಹಲ್ಲು ಪೂರ್ತಿ ಕೊಳೆತಿತ್ತು. ಹೊಡೆದುಕೊಳ್ಳುತ್ತಿದ್ದಾಗ ಅವಳು ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಲೇ ಇದ್ದಳು. ಮಾತ್ರೆಯಿಂದ ನಿಂತದ್ದು ಆ ತೋರಿಸುವಿಕೆ. ಮಾತ್ರೆಯೇ ಬೇಡ ಎನ್ನುವವಳಲ್ಲ ನಾನು. ಮೂರ್ಛೆಗೆ ಬೇಕು, ನಿಜವಾದ ಮನೋರೋಗಕ್ಕೆ ಬೇಕು. ಬರೀ ಸಿಟ್ಟಿಗೆ? ಪೀಟರ್ ಟೈರರ್ ಮತ್ತು ಸಂಗಡಿಗರು 2008ರ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಡೆಬಡಿಯುವ ಸ್ವಭಾವದ 86 ಮಂದಿ ಬೌದ್ಧಿಕ ಅಂಗವಿಕಲರಲ್ಲಿ ಕೆಲವರಿಗೆ ಹ್ಯಾಲೊಪೆರಿಡಾಲ್, ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಮೂರೂ ಗುಂಪುಗಳಲ್ಲಿ ಸಿಟ್ಟು ಇಳಿಯಿತು. ಹೆಚ್ಚು ಇಳಿದದ್ದು ಹುಸಿ ಮಾತ್ರೆಯವರಲ್ಲಿ.

ಇದಕ್ಕಿಂತ ಮುಂದಕ್ಕೂ ಹೋಗಬಹುದು, ಹೋಗಿದ್ದಾರೆ. 1994ರ ಫೆಬ್ರವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರ್ಕಾರಿ ವಸತಿಗೃಹದ ಬುದ್ಧಿಮಾಂದ್ಯ ಹುಡುಗಿಯರ ಗರ್ಭಕೋಶಗಳನ್ನು ತೆಗೆಸಿದರು, ಮುಟ್ಟಿನ ದಿನಗಳಲ್ಲಿ ನೋಡಿಕೊಳ್ಳುವುದು ಕಷ್ಟವೆಂದು. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ನಿಂತಿತು. ಆ ವಾರ ನಮ್ಮ ಹೋಮ್‌ನ ಇಬ್ಬರು ತಾಯಂದಿರು ನನ್ನ ಹತ್ತಿರ ಬಂದು, ಅದನ್ನು ಇಲ್ಲಿ ಎಲ್ಲಿ ಮಾಡುತ್ತಾರೆ ಎಂದು ವಿಚಾರಿಸಿದರು. ಪತ್ರಿಕೆಯಿಂದ ಅವರಿಗೆ ತಲುಪಿದ್ದು ಪ್ರತಿಭಟನೆಯಲ್ಲ, ವಿಳಾಸ.

ಎಲ್ಲ ಕಥೆಯೂ ಚಪ್ಪಲಿಯ ಕಥೆಯಂತೆ ಇಳಿಯಲಿಲ್ಲ. ಇನ್ನೊಬ್ಬ ಯುವಕನಿದ್ದ, ದೊಡ್ಡ ಮೈಯವನು. ಅವನು ಏಳುವುದಕ್ಕೆ ಶಂಖವೂ ಬೇಡ, ಬೀಗವೂ ಬೇಡ. ಚಿಕ್ಕವರ ಮೇಲೆ ಬೀಳುತ್ತಿದ್ದ. ಒಬ್ಬ ಮಾಸಿಯ ಬೆರಳು ಮುರಿದ. ನಾವು ಎಷ್ಟು ಬರೆದುಕೊಂಡರೂ ಕಾರಣದ ತುದಿ ಸಿಗಲಿಲ್ಲ. ಅವನನ್ನು ಹಿಡಿಯುವುದಕ್ಕೆ ನಾನೇ ಒಪ್ಪಿದೆ, ನಾನೇ ಕಲಿಸಿದೆ: ಇಬ್ಬರು ಹಿಡಿಯಬೇಕು, ಒಬ್ಬರೇ ಮಾತಾಡಬೇಕು, ಬೋರಲು ಮಲಗಿಸಬಾರದು, ಎದೆಯ ಮೇಲೆ ಭಾರ ಹಾಕಬಾರದು, ಉಸಿರು ಇಳಿದ ಕೂಡಲೇ ಬಿಡಬೇಕು. ಮಾಸಿಯ ಬೆರಳೂ ಒಂದು ಮನುಷ್ಯನ ಬೆರಳು. ಹಕ್ಕುಗಳ ಬಗ್ಗೆ ಸಭೆಗಳಲ್ಲಿ ಮಾತಾಡುವವರು ಈ ಬೆರಳನ್ನು ಮರೆಯುತ್ತಾರೆ, ಆಮೇಲೆ ಅವರ ಮಾತನ್ನು ಮಾಸಿಯರು ಮರೆಯುತ್ತಾರೆ. ಮಾಸಿಯ ಚಿಕಿತ್ಸೆಗೆ ಹೋಮ್ ಹಣ ಕೊಟ್ಟಿತು, ಆದರೆ ರಜೆಯ ದಿನಗಳ ಸಂಬಳ ಕೊಡಲಿಲ್ಲ.

ಕೊನೆಗೆ ಆಡಳಿತ ಮಂಡಳಿ ಆ ಯುವಕನನ್ನು ಮನೆಗೆ ಕಳಿಸಿತು. ತಂದೆ ನಿವೃತ್ತರು, ಬೆಹಾಲಾದಲ್ಲಿ ಎರಡು ಕೋಣೆಯ ಫ್ಲಾಟು, ತಾಯಿ ಇಲ್ಲ. ಒಂದು ಕೋಣೆ ಅವನದಾಯಿತು, ಚಿಲಕ ಹೊರಗಿನಿಂದ. ಮುಂದಿನ ವರದಿಯಲ್ಲಿ ನಮ್ಮ ಎರಡನೆಯ ಅಂಕಣ ಬಹಳ ಚೆನ್ನಾಗಿ ಕಂಡಿತು, ಗಂಟುಗಳು ಅರ್ಧಕ್ಕರ್ಧ ಇಳಿದಿದ್ದವು. ಅಂದಿನಿಂದ, ನಮ್ಮಲ್ಲಿ ಯಾರನ್ನೂ ಕಟ್ಟುವುದಿಲ್ಲ ಎಂದು ಹೆಮ್ಮೆಯಿಂದ ಹೇಳುವ ಹೋಮ್‌ಗಳನ್ನು ಕಂಡರೆ ನಾನು ಮೊದಲು ಕೇಳುವುದು ಕಳೆದ ಐದು ವರ್ಷದಲ್ಲಿ ಯಾರನ್ನೆಲ್ಲ ವಾಪಸ್ ಕಳಿಸಿದಿರಿ ಎಂದು. ಸೌಮ್ಯರನ್ನು ಮಾತ್ರ ಇಟ್ಟುಕೊಂಡು ಸೌಮ್ಯವಾಗಿ ನೋಡಿಕೊಳ್ಳುವುದು ಯಾರಿಗೂ ಬರುತ್ತದೆ.

ನಾವು ಮೈಸೂರಿಗೆ ಮರಳಿ ಎಷ್ಟೋ ವರ್ಷವಾಯಿತು. 2014ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ಆಸ್ಪತ್ರೆ, ವಸತಿಗೃಹಗಳಲ್ಲಿರುವ ಅಂಗವಿಕಲ ಹೆಂಗಸರ ಸ್ಥಿತಿಯ ಬಗ್ಗೆ ವರದಿ ಹೊರತಂದಿತು. ಅವರು ನೋಡಿದ ಊರುಗಳ ಪಟ್ಟಿಯಲ್ಲಿ ಕೋಲ್ಕತ್ತವೂ ಇತ್ತು, ಬೆಂಗಳೂರೂ ಇತ್ತು, ನನ್ನ ಮೈಸೂರೂ ಇತ್ತು. ಬಂಗಾಳದ ಕಥೆ ಎಂದು ಕೇಳಿಸಿಕೊಳ್ಳುತ್ತಿದ್ದ ನಮ್ಮ ಗೆಳತಿಯರು ಆಮೇಲೆ ಸ್ವಲ್ಪ ಸುಮ್ಮನಾದರು.

ಈಗ ಫೋನುಗಳು ಬರುತ್ತವೆ. ನಾವು ಹೋದ ಮೇಲೆ ಮಗನನ್ನು ಯಾರು ನೋಡುತ್ತಾರೆ, ಒಳ್ಳೆಯ ಹೋಮ್ ಇದ್ದರೆ ಹೇಳಿ ಎಂದು. ನಾನು ಹೇಳುವುದು ಒಂದೇ: ಸಂಜೆ ಐದರ ಮೇಲೆ, ಹೇಳದೆ ಕೇಳದೆ ಹೋಗಿ. ಎಷ್ಟು ಜನಕ್ಕೆ ಎಷ್ಟು ಮಂದಿ ಇದ್ದಾರೆ ಎಣಿಸಿ. ಮಾತು ಬಾರದವನು ಏನಾದರೂ ಬೇಕಾದರೆ ಹೇಗೆ ಕೇಳುತ್ತಾನೆ ಎಂದು ಆಯಾಗಳನ್ನು ವಿಚಾರಿಸಿ, ಕಚೇರಿಯವರನ್ನಲ್ಲ. ಸಂಜೆಯ ಮಾತ್ರೆ ಯಾವುದು, ಏತಕ್ಕೆ ಎಂದು ಕೇಳಿ. ಸಿಬ್ಬಂದಿ ಏನು ಮಾಡಿದರು ಎಂದು ಬರೆಯುವ ಪುಸ್ತಕ ಇದೆಯೇ ನೋಡಿ.

ಹೋದ ತಿಂಗಳು ಧಾರವಾಡದ ಕಡೆಯ ಒಬ್ಬ ತಾಯಿಗೂ ಇದನ್ನೇ ಹೇಳಿದ್ದೆ. ವಾರ ಬಿಟ್ಟು ಅವರೇ ಫೋನು ಮಾಡಿದರು. "ಐದೂವರಿಗೆ ಹೋಗಿದ್ವಿರಿ ಮೇಡಮ್ಮಾರ. ಕಟ್ಟಡ ಭಾಳ ಚೊಲೋ ಐತಿ. ಒಳಗ ಬಿಡಲಿಲ್ಲ ಅವರು. ಭೇಟಿ ಟೈಮು ಮುಂಜಾನೆ ಹನ್ನೊಂದರಿಂದ ಹನ್ನೆರಡಂತ." ಹಾಗಾದರೆ ಬೇಡ ಎಂದೆ. ಬೇರೆ ಯಾವುದಾದರೂ ಹೆಸರು ಹೇಳಿ ಎಂದರು. ನನಗೆ ಗೊತ್ತಿದ್ದ ಎರಡು ಹೆಸರು ಹೇಳಿದೆ. ಎರಡನ್ನೂ ಅವರು ಆಗಲೇ ವಿಚಾರಿಸಿದ್ದರು, ಎರಡರಲ್ಲೂ ಜಾಗವಿರಲಿಲ್ಲ.